ಮೊದಲು ಸಿಕ್ಕದ್ದೇ ಪ್ರಮಾಣ

ಹೆಸರು ವಸ್ತುವನ್ನು ತೋರುವ ಬೆರಳೇ ಹೊರತು ವಸ್ತುವಲ್ಲ. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರು ಗೃಹಸ್ಥರಿದ್ದರೆ ಅನುಭವಿಯಾದ ಅಂಚೆಯವನು ಪತ್ರದ ಮೇಲಿನ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ನೋಡಿ, ಸಂದೇಹ ಬಂದರೆ ಬಾಗಿಲಲ್ಲಿ ನಿಂತು ವಿಚಾರಿಸಿ, ತಕ್ಕವರ ಕೈಗೇ ಅದನ್ನು ಒಪ್ಪಿಸುತ್ತಾನೆ. ಯಂತ್ರಕ್ಕೆ ಹೀಗೆ ವಿಚಾರಿಸುವ ಬುದ್ಧಿಯಿಲ್ಲ. ಹೇಳಿಕೊಟ್ಟ ಹಾದಿಯಲ್ಲಿ ಮೊದಲು ಎದುರಾದ ಆ ಹೆಸರಿನ ಮನೆಯೇ ಅದಕ್ಕೆ ಸರಿಯಾದ ಮನೆ. ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ ಪ್ರೋಗ್ರಾಮು ಬರೆಯುವವರನ್ನು ಐದು ದಶಕಗಳಿಂದ ಕಾಡುತ್ತ ಬಂದಿರುವ ಒಂದು ತೊಡಕಿನ ಮೂಲ ಇಷ್ಟರಲ್ಲಿಯೇ ಅಡಗಿದೆ. ಬಹಳ ಸಲ ಇದರಿಂದ ಕೆಡುವುದು ಒಂದು ದಿನದ ಹೊತ್ತು ಮಾತ್ರ. ಕೆಲವು ಸಲ ಕೆಡುವುದು ಲೆಕ್ಕವೇ.

ಓದುಗರಲ್ಲಿ ಈ ವಿದ್ಯೆಯ ಪರಿಚಯವಿಲ್ಲದವರೂ ಇರುವರಾದ್ದರಿಂದ ಹೆಡರ್ ಕಡತವೆಂದರೇನೆಂಬುದನ್ನು ಮೊದಲು ಹೇಳುವುದು ಉಚಿತ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ಸಿ ಭಾಷೆಯನ್ನು ರೂಪಿಸಿದರು. 1972-73ರ ಸುಮಾರಿಗೆ ಅದಕ್ಕೆ ಪ್ರಿಪ್ರೊಸೆಸರ್ ಎಂಬ ಅಂಗವೊಂದು ಸೇರಿತು. ಮುಖ್ಯ ಅನುವಾದಕ್ಕೆ ಮುಂಚೆ ಪ್ರೋಗ್ರಾಮಿನ ಪಾಠವನ್ನು ಸಿದ್ಧಗೊಳಿಸಿ ಕೊಡುವುದು ಅದರ ಕಾರ್ಯ. ಆರಂಭದಲ್ಲಿ ಅದು ಬಲ್ಲ ಕೆಲಸಗಳು ಎರಡೇ: ಒಂದು ಹೆಸರಿಗೆ ಬದಲಾಗಿ ಬೇರೊಂದು ಪಾಠವನ್ನು ಇಡುವುದು, ಮತ್ತು ‘ಇನ್‌ಕ್ಲೂಡ್’ ಎಂದು ಬರೆದ ಜಾಗದಲ್ಲಿ ಹೆಸರಿಸಿದ ಕಡತವನ್ನು ಇಡಿಯಾಗಿ ತಂದು ಸೇರಿಸುವುದು. ಬಿಸಿಪಿಎಲ್, ಪಿಎಲ್ ಒನ್ ಎಂಬ ಹಿಂದಿನ ಭಾಷೆಗಳಲ್ಲಿದ್ದ ಇಂಥ ಸೌಕರ್ಯದ ಪ್ರಯೋಜನವನ್ನು ಕಂಡೇ ಇದನ್ನು ಇಲ್ಲಿಗೂ ತಂದರೆಂದು ರಿಚಿಯವರು ಬರೆದಿದ್ದಾರೆ. ಸೇರಿಸುವುದೆಂದರೆ ಅಕ್ಷರಶಃ ಸೇರಿಸುವುದು. ಅರ್ಥವನ್ನು ಅದು ನೋಡುವುದಿಲ್ಲ. ಪಾಠವನ್ನು ಅಂಟಿಸುತ್ತದೆ, ಅಷ್ಟೇ.

ಹೀಗೆ ಸೇರಿಸಲ್ಪಡುವ ಕಡತಗಳಲ್ಲಿ ಮುಖ್ಯವಾದವು ಹೆಡರ್ ಕಡತಗಳು. ಬೇರೆಯವರು ಬರೆದು ಸಿದ್ಧಪಡಿಸಿದ ಲೈಬ್ರರಿಯೊಂದನ್ನು ಬಳಸುವವನಿಗೆ ಅದರೊಳಗಿನ ಕೆಲಸಗಾರಿಕೆ ತಿಳಿಯಬೇಕಾಗಿಲ್ಲ. ಯಾವ ಕಾರ್ಯವನ್ನು ಯಾವ ಹೆಸರಿನಿಂದ ಕರೆಯಬೇಕು, ಅದಕ್ಕೆ ಏನೇನು ಕೊಡಬೇಕು, ಅದು ಮರಳಿ ಏನು ಕೊಡುತ್ತದೆ, ಮಾಹಿತಿಯ ಮನೆಗಳು ಯಾವ ಕ್ರಮದಲ್ಲಿ ಜೋಡಿಸಲ್ಪಟ್ಟಿವೆ — ಇವು ತಿಳಿದರೆ ಸಾಕು. ಇಷ್ಟನ್ನೂ ಬರೆದಿಟ್ಟ ಪತ್ರವೇ ಹೆಡರ್. ಅದು ಬಳಸುವವನಿಗೂ ಲೈಬ್ರರಿಗೂ ನಡುವಿನ ಕರಾರುಪತ್ರ. ಕರಾರುಪತ್ರವೇ ಹಳತಾಗಿದ್ದರೆ, ಅಥವಾ ಬೇರಾವುದೋ ವ್ಯವಹಾರದ ಪತ್ರ ಅದರ ಜಾಗದಲ್ಲಿ ಬಂದು ಕುಳಿತರೆ ಏನಾದೀತೆಂಬುದನ್ನು ಹೊಲಮನೆಯ ಕಾಗದಪತ್ರಗಳ ವ್ಯಾಜ್ಯ ಕಂಡವರಿಗೆ ವಿವರಿಸಬೇಕಾದದ್ದಿಲ್ಲ.

ಈಗ ಮುಖ್ಯ ಪ್ರಶ್ನೆ: ಕಡತವನ್ನು ತರಬೇಕಾದದ್ದು ಎಲ್ಲಿಂದ? ಇದಕ್ಕೆ ಭಾಷೆಯ ಮಾನಕವು ಉತ್ತರ ಕೊಡದೆ ಜಾರಿಕೊಂಡಿದೆ. 1989ರಲ್ಲಿ ಅಂಗೀಕೃತವಾದ ಅಮೆರಿಕದ ಮಾನಕವು, ಹುಡುಕುವ ಸ್ಥಳಗಳನ್ನು ಆಯಾ ಕಂಪೈಲರಿನ ಕರ್ತೃಗಳೇ ನಿರ್ಧರಿಸಿಕೊಳ್ಳಲೆಂದು ಬಿಟ್ಟುಕೊಟ್ಟಿತು. ನಂತರ ಬಂದ ಮಾನಕಗಳೂ ಆ ಮಾತನ್ನು ಬದಲಿಸಲಿಲ್ಲ. ರಿಚರ್ಡ್ ಸ್ಟಾಲ್‌ಮನ್ನರು 1987ರಲ್ಲಿ ಮೊದಲು ಹೊರತಂದ, ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಜಿಸಿಸಿ ಕಂಪೈಲರಿನ ಕ್ರಮ ಹೀಗಿದೆ. ಹೆಡರಿನ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದಿದ್ದರೆ ಆ ಸಾಲು ಇರುವ ಕಡತದ ಡೈರೆಕ್ಟರಿಯನ್ನೇ ಅದು ಮೊದಲು ನೋಡುತ್ತದೆ. ಪ್ರೋಗ್ರಾಮುಗಾರ ಕುಳಿತಿರುವ ಡೈರೆಕ್ಟರಿಯನ್ನಲ್ಲ, ಕಡತ ಇರುವ ಡೈರೆಕ್ಟರಿಯನ್ನು. ಈ ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಹೆಸರನ್ನು ಕೋನಾಕೃತಿಯ ಆವರಣದಲ್ಲಿ ಬರೆದಿದ್ದರೆ ಆ ಮೊದಲ ಮೆಟ್ಟಿಲನ್ನು ಬಿಟ್ಟುಬಿಡುತ್ತದೆ. ಅನಂತರ ಬರುವವು ‘ಐ’ ಅಕ್ಷರದ ಸೂಚನೆಯಿಂದ ಹೆಸರಿಸಿದ ಡೈರೆಕ್ಟರಿಗಳು, ಎಡದಿಂದ ಬಲಕ್ಕೆ ಕೊಟ್ಟ ಕ್ರಮದಲ್ಲಿ. ಅವುಗಳ ಹಿಂದೆ ‘ಐಸಿಸ್ಟಮ್’ ಎಂಬ ಸೂಚನೆಯವು. ಕಟ್ಟಕಡೆಗೆ ಯಂತ್ರದ ಸ್ವಂತ ಡೈರೆಕ್ಟರಿಗಳು. ಈ ಕಡೆಯ ಗುಂಪಿನಲ್ಲಿಯೂ, ಬಳಕೆದಾರ ಕೈಯಾರೆ ಸ್ಥಾಪಿಸಿಕೊಂಡ ಸಾಮಗ್ರಿ ಇರುವ ‘ಲೋಕಲ್’ ಎಂಬ ಡೈರೆಕ್ಟರಿಯನ್ನು ವ್ಯವಸ್ಥೆಯ ಮುಖ್ಯ ಡೈರೆಕ್ಟರಿಗಿಂತ ಮುಂಚೆ ನೋಡುವುದು ವಾಡಿಕೆ. ಎಲ್ಲಿ ಮೊದಲು ಆ ಹೆಸರು ಕಂಡಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಮುಂದೆ ಅದೇ ಹೆಸರಿನ ಇನ್ನೂ ಮೂರು ಕಡತಗಳಿದ್ದರೂ ಕಂಪೈಲರ್ ಅವುಗಳತ್ತ ಕಣ್ಣೆತ್ತಿಯೂ ನೋಡದು; ಇವೆಯೆಂದು ಯಾರಿಗೂ ಹೇಳದು.

ಆದುದರಿಂದ ಈ ತೊಡಕು ಇಲ್ಲದಿರುವಿಕೆಯದಲ್ಲ, ಹೆಚ್ಚಾಗಿರುವಿಕೆಯದು. ಕಡತ ಸಿಗಲಿಲ್ಲವೆಂದರೆ ಕಂಪೈಲರ್ ಆ ಮಾತನ್ನೇ ಹೇಳಿ ನಿಲ್ಲುತ್ತದೆ. ಹುಡುಗನೂ ಅದನ್ನು ಸರಿಪಡಿಸಬಲ್ಲ. ಬೇರೊಂದು ಕಡತ ಸಿಕ್ಕರೆ ದೂರು ಹುಟ್ಟುವುದು ಇನ್ನೆಲ್ಲೋ: ನೂರಾರು ಸಾಲುಗಳ ಆಚೆ, ಯಾರೂ ಮುಟ್ಟದ ಕಡತವೊಂದರಲ್ಲಿ, ಇಂಥ ಹೆಸರು ಗೊತ್ತಿಲ್ಲವೆಂದೋ ಇಂಥ ಕಾರ್ಯಕ್ಕೆ ಕೊಟ್ಟ ವಸ್ತುಗಳ ಸಂಖ್ಯೆ ಹೊಂದುವುದಿಲ್ಲವೆಂದೋ. ನೋವು ಒಂದು ಕಡೆ, ಗಾಯ ಇನ್ನೊಂದು ಕಡೆ.

ಹೆಸರುಗಳ ಈ ಡಿಕ್ಕಿ ಎಂಥೆಂಥ ವಿಚಿತ್ರಗಳನ್ನು ಉಂಟುಮಾಡಿದೆಯೆಂಬುದಕ್ಕೆ ಎರಡು ಮೂರು ನಿದರ್ಶನಗಳನ್ನು ಕೊಡಬಹುದು. ವಿಂಡೋಸ್ ಮತ್ತು ಆ್ಯಪಲ್ ಯಂತ್ರಗಳಲ್ಲಿ ಕಡತದ ಹೆಸರಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಆರ್ಡ್ಯುಯಿನೋ ಎಂಬ ಚಿಕ್ಕ ಗಣಕಫಲಕಕ್ಕಾಗಿ ಬರೆದ ಕಾಲಗಣನೆಯ ಲೈಬ್ರರಿಯೊಂದರ ಹೆಡರಿಗೆ ದೊಡ್ಡಕ್ಷರದಿಂದ ಆರಂಭವಾಗುವ ‘ಟೈಮ್’ ಎಂಬ ಹೆಸರಿತ್ತು. ಸಿ ಭಾಷೆಗೆ ತನ್ನದೇ ಆದ ‘ಟೈಮ್’ ಹೆಡರ್ ಸಣ್ಣಕ್ಷರದಲ್ಲಿ ಉಂಟು. ಒಂದನ್ನು ಕೇಳಿದವರಿಗೆ ಇನ್ನೊಂದು ಬರತೊಡಗಿತು. ಕೊನೆಗೆ ಲೈಬ್ರರಿಯವರು ‘ಟೈಮ್‌ಲಿಬ್’ ಎಂಬ ಬೇರೆ ಹೆಸರನ್ನೇ ಇಡಬೇಕಾಯಿತು.

ಇದಕ್ಕಿಂತ ತಮಾಷೆಯದು ‘ವರ್ಷನ್’ ಕಡತದ ಪ್ರಸಂಗ. ತಮ್ಮ ಪ್ರೋಗ್ರಾಮು ಎಷ್ಟನೆಯ ಆವೃತ್ತಿಯದೆಂಬ ಅಂಕಿಯನ್ನು ದೊಡ್ಡಕ್ಷರಗಳಲ್ಲಿ ‘ವರ್ಷನ್’ ಎಂದು ಹೆಸರಿಟ್ಟ ಪುಟ್ಟ ಕಡತವೊಂದರಲ್ಲಿ ಬರೆದಿಡುವ ಪದ್ಧತಿ ಬಹುಕಾಲದಿಂದ ಇತ್ತು. ಅದರಲ್ಲಿರುವುದು ಒಂದು ಸಾಲು: 1.4.2 ಎಂಬಂತಹದು. ಸಿ ಪ್ಲಸ್ ಪ್ಲಸ್ ಭಾಷೆಯ 2020ರ ಮಾನಕಕ್ಕೆ ‘ವರ್ಷನ್’ ಎಂಬ ಹೊಸ ಹೆಡರೊಂದು ಸೇರಿತು. ಅದಕ್ಕೆ ಬಾಲವಿಲ್ಲ, ‘ಡಾಟ್ ಎಚ್’ ಎಂಬ ಪ್ರತ್ಯಯವಿಲ್ಲದ ಬರಿಯ ಹೆಸರು. ಮಾನಕ ಅಚ್ಚಾಗುವ ಮುನ್ನವೇ ಕಂಪೈಲರುಗಳ ಭಂಡಾರಕ್ಕೆ ಅದು ಬಂದಿತ್ತು. ಭಂಡಾರದ ಇತರ ಹೆಡರುಗಳೂ ಅದನ್ನು ಕರೆಯತೊಡಗಿದುವು. ತಮ್ಮ ಯೋಜನೆಯ ತಲೆಡೈರೆಕ್ಟರಿಯನ್ನೇ ಹುಡುಕುಪಟ್ಟಿಯ ಮೊದಲಿಗೆ ಇಟ್ಟುಕೊಂಡಿದ್ದವರ ಆ್ಯಪಲ್ ಯಂತ್ರಗಳಲ್ಲಿ ಕಂಪೈಲರ್ ಆ ಅಂಕಿಯ ಕಡತವನ್ನೇ ಎಳೆದುತಂದು, 1.4.2 ಎಂಬುದು ಯಾವ ಭಾಷೆಯೆಂದು ತಿಳಿಯದೆ ಗೊಣಗಿತು. ಹತ್ತಾರು ವರ್ಷ ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿ ಬಿದ್ದಿದ್ದ ಕಡತ ಅದು. ಅದನ್ನು ಬರೆದವರದಾಗಲಿ ಹೊಸ ಹೆಡರಿಗೆ ಹೆಸರಿಟ್ಟವರದಾಗಲಿ ತಪ್ಪೆನ್ನಲು ಬಾರದು. ಅನೇಕ ಯೋಜನೆಗಳು ತಮ್ಮ ಕಡತಕ್ಕೆ ಬೇರೆ ಹೆಸರಿಟ್ಟು ಹಾದಿ ಬಿಟ್ಟುಕೊಟ್ಟವು.

ಹುಡುಕುವ ಕ್ರಮದ ಮಹತ್ವವನ್ನು ತಿಳಿಯಬೇಕೆನ್ನುವವರು 2016ರಲ್ಲಿ ಬಂದ ಜಿಸಿಸಿಯ ಆರನೆಯ ಆವೃತ್ತಿಯ ಪ್ರಸಂಗವನ್ನು ನೋಡಬೇಕು. ಅದರ ಸಿ ಪ್ಲಸ್ ಪ್ಲಸ್ ಭಂಡಾರವು, ‘ಎಸ್‌ಟಿಡಿಲಿಬ್’ ಎಂಬ ಹಳೆಯ ಸಿ ಹೆಡರಿಗೆ ತನ್ನದೊಂದು ಹೊದಿಕೆಯನ್ನು ಅದೇ ಹೆಸರಿನಿಂದ ಒದಗಿಸಿತು. ಆ ಭಂಡಾರದ ಹೆಡರು ಮೂಲವನ್ನು ಕರೆಯುವ ಬಗೆ ವಿಶಿಷ್ಟವಾದದ್ದು: ‘ಹುಡುಕುಪಟ್ಟಿಯಲ್ಲಿ ನನ್ನ ಡೈರೆಕ್ಟರಿಯ ನಂತರ ಬರುವ ಡೈರೆಕ್ಟರಿಗಳಲ್ಲಿ ಈ ಹೆಸರಿನದನ್ನು ತಾ’ ಎಂದು ಅದು ಕೇಳುತ್ತದೆ. ಮೂಲ ಹೆಡರು ಪಟ್ಟಿಯಲ್ಲಿ ಹಿಂದೆ ಇರುವವರೆಗೆ ಎಲ್ಲವೂ ಸುಗಮ. ಆದರೆ ಅನೇಕ ಯೋಜನೆಗಳ ನಿರ್ಮಾಣಸೂತ್ರಗಳು, ಇದ್ದರೆ ಕೇಡೇನೆಂಬ ಭಾವದಿಂದ, ವ್ಯವಸ್ಥೆಯ ಮುಖ್ಯ ಡೈರೆಕ್ಟರಿಯನ್ನು ‘ಐಸಿಸ್ಟಮ್’ ಸೂಚನೆಯಿಂದ ಮತ್ತೊಮ್ಮೆ ಹೆಸರಿಸಿದ್ದವು. ಇದರಿಂದ ಆ ಡೈರೆಕ್ಟರಿ ಪಟ್ಟಿಯ ಮುಂದಕ್ಕೆ ಜಿಗಿಯಿತು. ಎರಡನೆಯ ಸಲ ಬಂದದ್ದು ಪುನರುಕ್ತಿಯೆಂದು ಬಿಟ್ಟುಹೋಯಿತು. ಹೆಡರು ತನ್ನ ಹಿಂದೆ ನೋಡಿದರೆ ಅಲ್ಲಿ ಯಾರೂ ಇಲ್ಲ. ಕಡತವು ಡಿಸ್ಕಿನ ಮೇಲೆ ತನ್ನ ಎಂದಿನ ಜಾಗದಲ್ಲಿ ಕುಳಿತಿರುವಾಗಲೇ ಅಂಥ ಕಡತವಿಲ್ಲವೆಂದು ಕಂಪೈಲರ್ ಸಾರಿತು. ಎಷ್ಟೋ ಜನ ಕಡತ ಇದೆಯೆಂದು ಸಾಧಿಸುವುದರಲ್ಲಿಯೇ ಹೊತ್ತು ಕಳೆದರು. ಮಾಡಬೇಕಾದದ್ದು ಆ ಅನಗತ್ಯ ಸೂಚನೆಯನ್ನು ಅಳಿಸುವುದೊಂದೇ ಆಗಿತ್ತು. ಅದೇ ಡೈರೆಕ್ಟರಿಯನ್ನು ‘ಐ’ ಸೂಚನೆಯಿಂದ ಹೇಳಿದ್ದರೆ ಕಂಪೈಲರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕ್ರಮವನ್ನು ಕಾಪಾಡುತ್ತಿತ್ತೆಂಬುದು ಗಮನಾರ್ಹ.

ಇಲ್ಲಿ ವಿದ್ಯಾರ್ಥಿಗಳಿಗೆ ಅವಶ್ಯವಾಗಿ ಹೇಳಬೇಕಾದ ಮಾತೊಂದಿದೆ. ತೊಡಕು ಬಂದಾಗ ಹೊಸಬರ ಕೈ ಮೊದಲು ಹೋಗುವುದು ಇನ್ನೊಂದು ಡೈರೆಕ್ಟರಿಯನ್ನು ಪಟ್ಟಿಗೆ ಸೇರಿಸುವುದರ ಕಡೆಗೆ. ಇದು ಬೆಂಕಿಗೆ ಸೌದೆ ಒಟ್ಟುವ ಕೆಲಸ. ಪಟ್ಟಿ ಉದ್ದವಾದಷ್ಟೂ ಹೆಸರುಗಳು ಡಿಕ್ಕಿಯಾಗುವ ಸಂಭವ ಹೆಚ್ಚು. ಒಂದು ದೂರು ಅಡಗಿ ಮೂರು ಏಳುತ್ತವೆ. ಕೇಳಬೇಕಾದ ಪ್ರಶ್ನೆ ‘ಇನ್ನೆಲ್ಲಿ ಹುಡುಕಲಿ?’ ಎಂಬುದಲ್ಲ, ‘ಈಗ ಸಿಕ್ಕಿರುವುದು ಯಾವುದು?’ ಎಂಬುದು. ಇದನ್ನು ಊಹೆಯಿಂದ ತಿಳಿಯಬೇಕಾದ ಅಗತ್ಯವೇ ಇಲ್ಲ, ಕಂಪೈಲರನ್ನೇ ಕೇಳಬಹುದು. ಜಿಸಿಸಿಗೆ ದೊಡ್ಡಕ್ಷರದ ‘ಎಚ್’ ಸೂಚನೆಯನ್ನು ಕೊಟ್ಟರೆ, ತಾನು ತೆರೆದ ಪ್ರತಿಯೊಂದು ಹೆಡರಿನ ಪೂರ್ಣ ವಿಳಾಸವನ್ನೂ, ಯಾವುದರ ಒಳಗೆ ಯಾವುದು ಬಂತೆಂಬುದನ್ನು ಚುಕ್ಕೆಗಳಿಂದ ತೋರಿಸುತ್ತ, ಸಾಲಾಗಿ ಹೇಳುತ್ತದೆ. ಸಣ್ಣಕ್ಷರದ ‘ವಿ’ ಸೂಚನೆಗೆ ಹುಡುಕುಪಟ್ಟಿಯನ್ನೇ ಕ್ರಮವಾಗಿ ಮುದ್ರಿಸುತ್ತದೆ. ಯಾವ ಡೈರೆಕ್ಟರಿ ಇಲ್ಲವೆಂದು ಬಿಟ್ಟಿತು, ಯಾವುದನ್ನು ಪುನರುಕ್ತಿಯೆಂದು ಬಿಟ್ಟಿತು ಎಂಬುದನ್ನೂ ಮುಚ್ಚಿಡದೆ ತಿಳಿಸುತ್ತದೆ. ದೊಡ್ಡಕ್ಷರದ ‘ಇ’ ಸೂಚನೆಯಿಂದ, ಸೇರಿಸುವ ಕೆಲಸವೆಲ್ಲ ಮುಗಿದ ಮೇಲಿನ ಪಾಠವನ್ನೇ ಕಣ್ಣಾರೆ ಓದಬಹುದು. ಇವಾವುವೂ ಕೈಗೂಡದಿದ್ದಾಗ ಹಳಬರದೊಂದು ಉಪಾಯವುಂಟು: ತಾನು ಬಳಸುತ್ತಿರುವೆನೆಂದು ನಂಬಿರುವ ಹೆಡರಿನೊಳಗೆ ಬೇಕೆಂದೇ ಒಂದು ತಪ್ಪು ಸಾಲನ್ನು ಬರೆಯುವುದು. ಕಂಪೈಲರ್ ಕೂಗಿದರೆ ನಂಬಿಕೆ ಸರಿ. ಕೂಗದೆ ಹೋದರೆ ಅದು ಓದುತ್ತಿರುವ ಕಡತವೇ ಬೇರೆ. ಪರೀಕ್ಷೆ ಮುಗಿದೊಡನೆ ಆ ಸಾಲನ್ನು ಅಳಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಸರಿಯಾದ ಕಡತವೇ ತೆರೆದುಕೊಂಡಿದ್ದರೂ ಅದು ಬರಿದಾಗಿರುವ ಒಂದು ಸಂದರ್ಭವಿದೆ. ಒಂದೇ ಹೆಡರು ಎರಡು ಸಲ ಸೇರದಂತೆ ಅದರ ತಲೆಯಲ್ಲಿ ಒಂದು ಗುರುತಿನ ಹೆಸರನ್ನು ಬರೆದು ಕಾವಲಿಡುವುದು ರೂಢಿ. ಎರಡು ಬೇರೆ ಬೇರೆ ಲೈಬ್ರರಿಗಳವರು ‘ಕಾನ್ಫಿಗ್’ ಎಂಬಂತಹ ಸರ್ವಸಾಧಾರಣವಾದ ಗುರುತನ್ನೇ ಇಟ್ಟುಕೊಂಡರೆ, ಮೊದಲನೆಯದು ಒಳಬಂದ ಮೇಲೆ ಎರಡನೆಯದನ್ನು ಕಾವಲುಗಾರ ಬಾಗಿಲಲ್ಲೇ ತಡೆಯುತ್ತಾನೆ. ಕಡತ ತೆರೆಯಿತು, ಮುಚ್ಚಿತು; ಅದರಿಂದ ಒಂದಕ್ಷರವೂ ಬರಲಿಲ್ಲ. ವಿಳಾಸಗಳನ್ನೆಲ್ಲ ಪರಿಶೀಲಿಸಿ ಸರಿಯಿದೆಯೆಂದು ಸಮಾಧಾನಪಟ್ಟವನಿಗೂ ಇದು ಕಾಣುವುದಿಲ್ಲ. ಹಾಗೆಯೇ ‘ಸಿಪಾತ್’ ಎಂಬ ಪರಿಸರಚರವನ್ನು ಎಂದೋ ಬರೆದಿಟ್ಟು ಮರೆತವರ ಯಂತ್ರಗಳಲ್ಲಿ, ಆಜ್ಞೆಯ ಸಾಲಿನಲ್ಲಿ ಎಲ್ಲಿಯೂ ಇಲ್ಲದ ಡೈರೆಕ್ಟರಿಗಳು ಪಟ್ಟಿಯೊಳಗೆ ಬಂದಿರುತ್ತವೆ. ಅದರ ಕೊನೆಯಲ್ಲಿ ಒಂದು ವಿವರಣ ಚಿಹ್ನೆ ಮಿಕ್ಕಿದ್ದರೂ ಸಾಕು, ಕುಳಿತಿರುವ ಡೈರೆಕ್ಟರಿಯೇ ಪಟ್ಟಿಗೆ ಸೇರಿಕೊಳ್ಳುತ್ತದೆ.

ಕೆಲವು ಲೈಬ್ರರಿಕಾರರು ಈ ಗೊಂದಲಕ್ಕೆ ಮೂಲದಲ್ಲಿಯೇ ಮದ್ದು ಮಾಡಿದ್ದಾರೆ. ಹೊಸಹಳ್ಳಿ ಎಂಬ ಹೆಸರಿನ ಊರುಗಳು ಎಷ್ಟಿದ್ದರೂ ತಾಲೂಕಿನ ಹೆಸರನ್ನು ಜೊತೆಗೆ ಹೇಳಿದರೆ ಹೇಗೆ ಗೊಂದಲ ತೀರುವುದೋ, ಹಾಗೆ ಹೆಡರಿನ ಹೆಸರಿಗೆ ಮೊದಲು ಲೈಬ್ರರಿಯ ಹೆಸರಿನ ಡೈರೆಕ್ಟರಿಯನ್ನು ಹೇಳುವಂತೆ ಮಾಡುವುದೇ ಆ ಮದ್ದು. ಬೂಸ್ಟ್, ಓಪನ್‌ಎಸ್‌ಎಸ್‌ಎಲ್ ಮುಂತಾದ ಲೈಬ್ರರಿಗಳ ಹೆಡರುಗಳನ್ನು ಕರೆಯುವಾಗ ಆ ಲೈಬ್ರರಿಯ ಹೆಸರು ತಪ್ಪದೆ ಬರುತ್ತದೆ. ಇದು ಹೆಸರುಗಳ ಡಿಕ್ಕಿಯನ್ನು ನಿವಾರಿಸುತ್ತದೆ. ಆದರೆ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಒಂದೇ ಯಂತ್ರದಲ್ಲಿದ್ದರೆ ಅಲ್ಲಿ ಊರೂ ಒಂದೇ, ತಾಲೂಕೂ ಒಂದೇ. ಅಪಾಯ ನಿಜವಾಗಿ ಇರುವುದು ಅಲ್ಲಿಯೇ.

ಒಬ್ಬ ವಿದ್ಯಾರ್ಥಿಯ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಮಲೆನಾಡಿನಂತಹ ಮಳೆಯ ಪ್ರದೇಶದ ದೈನಂದಿನ ಹವಾಮಾನದ ದಾಖಲೆಗಳನ್ನು ಓದಿ ಪಟ್ಟಿ ಮಾಡಿಕೊಡುವ ಪ್ರೋಗ್ರಾಮನ್ನು ಅವನು ಬರೆದಿದ್ದಾನೆಂದು ಭಾವಿಸಬೇಕು. ದಾಖಲೆಯನ್ನು ಓದಿಕೊಡುವ ಲೈಬ್ರರಿಯ ಹಳೆಯ ಆವೃತ್ತಿಯಲ್ಲಿ ಒಂದು ದಿನದ ಮಾಹಿತಿಗೆ ಮೂರು ಮನೆಗಳಿದ್ದವು: ದಿನಾಂಕ, ಮಳೆ, ತಾಪಮಾನ. ಒಂದೊಂದಕ್ಕೆ 4 ಬೈಟುಗಳಂತೆ ಒಟ್ಟು 12. ಹೊಸ ಆವೃತ್ತಿಯಲ್ಲಿ ದಿನಾಂಕದ ನಂತರ ಗಾಳಿಯ ಆರ್ದ್ರತೆಯ ಮನೆಯೊಂದು ಸೇರಿ 16 ಆಯಿತು. ವಿದ್ಯಾರ್ಥಿಯು ಹಳೆಯ ಲೈಬ್ರರಿಯನ್ನು ತೆಗೆದು ಹೊಸದನ್ನು ಸ್ಥಾಪಿಸಿಕೊಂಡನು. ಆದರೆ ಹಿಂದೆ ಕೈಯಾರೆ ಸ್ಥಾಪಿಸಿದ್ದರ ಹೆಡರು ‘ಲೋಕಲ್’ ಡೈರೆಕ್ಟರಿಯಲ್ಲಿ ಉಳಿದೇ ಹೋಯಿತು. ಕಂಪೈಲರಿಗೆ ಮೊದಲು ಸಿಕ್ಕದ್ದು ಅದೇ. ಹೆಸರು ಸರಿ, ಕಾರ್ಯಗಳೂ ಸರಿ. ದೂರಿಲ್ಲದೆ ಪ್ರೋಗ್ರಾಮು ಸಿದ್ಧವಾಯಿತು.

ಈಗ ಪ್ರೋಗ್ರಾಮು 12 ಬೈಟುಗಳ ಜಾಗವನ್ನು ಕೊಡುತ್ತದೆ. ಲೈಬ್ರರಿ ಅದರಲ್ಲಿ 16 ಬೈಟುಗಳನ್ನು ಬರೆಯುತ್ತದೆ. ಮಿಕ್ಕ ನಾಲ್ಕು ಪಕ್ಕದ ಜಾಗಕ್ಕೆ ಚೆಲ್ಲುತ್ತವೆ. ಆ ಜಾಗ ಖಾಲಿಯಿದ್ದರೆ ಯಾವ ಸದ್ದೂ ಇಲ್ಲ. ಲೈಬ್ರರಿ ಆರ್ದ್ರತೆಯನ್ನು ಇಟ್ಟ ಮನೆಯನ್ನು ಪ್ರೋಗ್ರಾಮು ಮಳೆಯೆಂದು ಓದುತ್ತದೆ. ಮಳೆಯನ್ನು ಇಟ್ಟ ಮನೆಯನ್ನು ತಾಪಮಾನವೆಂದು ಓದುತ್ತದೆ. ಜುಲೈ ತಿಂಗಳ ಒಂದು ದಿನ ಆರ್ದ್ರತೆ ಶೇಕಡ 92, ಮಳೆ 21 ಮಿಲಿಮೀಟರ್ ಇದ್ದಿತೆನ್ನೋಣ. ಪಟ್ಟಿಯಲ್ಲಿ ಮೂಡುವುದು ಮಳೆ 92 ಮಿಲಿಮೀಟರ್, ತಾಪಮಾನ 21. ಮಲೆನಾಡಿನ ಮಳೆಗಾಲಕ್ಕೆ ಇದರಲ್ಲಿ ಅಸಂಭವವಾದದ್ದೇನು? ನೋಡಿದವರೆಲ್ಲ ತಲೆದೂಗುತ್ತಾರೆ. ಕಂಪೈಲರ್ ನೂರು ದೂರುಗಳನ್ನು ಕಾರಿದ್ದರೆ ಅದು ದೊಡ್ಡ ಉಪಕಾರವಾಗುತ್ತಿತ್ತು.

ಪ್ರಾಜ್ಞರಾದ ಲೈಬ್ರರಿಕಾರರು ಈ ಮೌನವನ್ನು ಮುರಿಯುವ ಏರ್ಪಾಡು ಮಾಡಿದ್ದಾರೆ. ಜಾನ್-ಲೂ ಗೈಯಿ ಮತ್ತು ಮಾರ್ಕ್ ಆ್ಯಡ್ಲರ್ ಅವರು 1995ರಲ್ಲಿ ಹೊರತಂದ, ಮಾಹಿತಿಯನ್ನು ಸಂಕೋಚಿಸುವ ಜೆಡ್‌ಲಿಬ್ ಲೈಬ್ರರಿಯ ಯುಕ್ತಿ ಬಹು ಸೊಗಸಾದದ್ದು. ಅದರ ಕೆಲಸವನ್ನು ಆರಂಭಿಸುವ ಆಜ್ಞೆಯು ನಿಜವಾಗಿ ಹೆಡರಿನಲ್ಲಿರುವ ಒಂದು ಮುಸುಕು. ಬಳಸುವವನಿಗೆ ತಿಳಿಯದಂತೆ ಅದು ಹೆಡರಿನ ಆವೃತ್ತಿಯನ್ನೂ, ಮಾಹಿತಿಯ ರಚನೆ ಎಷ್ಟು ಬೈಟುಗಳದೆಂದು ಹೆಡರು ತಿಳಿದಿದೆಯೋ ಆ ಅಳತೆಯನ್ನೂ ಜೊತೆಗೆ ಕಳಿಸಿಕೊಡುತ್ತದೆ. ಲೈಬ್ರರಿ ಅವನ್ನು ತನ್ನ ಲೆಕ್ಕದೊಡನೆ ಹೋಲಿಸುತ್ತದೆ. ಆವೃತ್ತಿಯ ಮೊದಲ ಅಂಕಿಯೋ ಅಳತೆಯೋ ಹೊಂದದಿದ್ದರೆ ಕೆಲಸವನ್ನು ಆರಂಭಿಸಲೇ ನಿರಾಕರಿಸುತ್ತದೆ. ವೈಜ್ಞಾನಿಕ ಮಾಹಿತಿಯನ್ನು ಕಾಪಿಡಲು ಇಲಿನಾಯ್ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ ಹುಟ್ಟಿ, ಅಮೆರಿಕದ ನಾಸಾ ಸಂಸ್ಥೆಯು ಭೂವೀಕ್ಷಣೆಯ ಮಾಹಿತಿಗೂ ಬಳಸುತ್ತ ಬಂದಿರುವ ಎಚ್‌ಡಿಎಫ್ 5 ಲೈಬ್ರರಿಯ ಕರ್ತೃಗಳು ಇನ್ನೂ ಕಠಿಣರು. ಹೆಡರಿನ ಆವೃತ್ತಿಯೂ ಲೈಬ್ರರಿಯ ಆವೃತ್ತಿಯೂ ಬೇರೆಯಾಗಿದ್ದಲ್ಲಿ, ಮಾಹಿತಿ ಕೆಟ್ಟೀತೆಂಬ ಎಚ್ಚರಿಕೆಯನ್ನು ಮುದ್ರಿಸಿ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುವಂತೆ ಅದನ್ನು ರಚಿಸಿದರು. ಆ ಕಾವಲನ್ನು ತೆಗೆಯಲು ಪರಿಸರಚರವೊಂದನ್ನೂ ಅವರೇ ಒದಗಿಸಿದ್ದಾರೆ. ಕಾರಣವನ್ನು ಹುಡುಕುವ ತಾಳ್ಮೆಯಿಲ್ಲದವರು ಅದನ್ನು ತಿರುಗಿಸಿ ಮುಂದೆ ಸಾಗುವುದೂ ಉಂಟು. ಅಂಥವರ ಪಟ್ಟಿಗಳನ್ನು ಎರಡು ಸಲ ನೋಡಿ ನಂಬುವುದು ಕ್ಷೇಮ.

ವಿದ್ಯಾರ್ಥಿಯ ಲೈಬ್ರರಿಗೆ ಇಂಥ ಕಾವಲಿರಲಿಲ್ಲ. ಅವನ ತೊಡಕು ಬಯಲಾಗುವುದು ಮಳೆ ಹೊರವಾದ ಮೇಲೆ, ಮಳೆಯಿಲ್ಲದ ಮೊದಲ ದಿನ. ಅಂದು ಪಟ್ಟಿಯಲ್ಲಿ ಮಳೆ 64 ಮಿಲಿಮೀಟರ್, ತಾಪಮಾನ ಸೊನ್ನೆ. ನೀರು ಹೆಪ್ಪುಗಟ್ಟುವ ಚಳಿ ಮಲೆನಾಡಿಗೆ ಸೆಪ್ಟೆಂಬರಿನಲ್ಲಿ ಬರುವುದಿಲ್ಲವೆಂಬುದನ್ನು ಯಂತ್ರ ಅರಿಯದಿದ್ದರೂ ಅವನು ಅರಿತಿದ್ದಾನೆ. ‘ಎಚ್’ ಸೂಚನೆಯಿಂದ ಹೆಡರಿನ ವಿಳಾಸ ತಿಳಿಯಲು ಒಂದು ನಿಮಿಷ ಸಾಕು. ಹಳೆಯ ಕಡತವನ್ನು ಅಳಿಸಿ ಮತ್ತೆ ಕಂಪೈಲ್ ಮಾಡಿದರೆ, ಇನ್ನೊಂದು ವಿಘ್ನ: ನಿರ್ಮಾಣಕ್ಕೆ ಬಳಸಿದ ಸಿಮೇಕ್ ಎಂಬ ಸಾಧನವು ಹಿಂದೆ ಕಂಡುಕೊಂಡ ಹಾದಿಯನ್ನು ತನ್ನ ಟಿಪ್ಪಣಿಕಡತದಲ್ಲಿ ಬರೆದಿಟ್ಟುಕೊಂಡಿರುತ್ತದೆ, ಅದನ್ನೂ ಅಳಿಸಿ ಹೊಸದಾಗಿ ಆರಂಭಿಸಬೇಕು. ಅಷ್ಟಾದ ಮೇಲೆ ಉಳಿಯುವುದು ಜೂನ್ ಒಂದರಿಂದ ಬಂದ ಮೂಲ ದಾಖಲೆಗಳನ್ನೆಲ್ಲ ಮರಳಿ ಓದಿಸಿ ಹೊಸ ಪಟ್ಟಿ ತೆಗೆಯುವ ಕೆಲಸ, ಮತ್ತು ಹಳೆಯ ಪಟ್ಟಿ ಯಾರಾರ ಕೈಸೇರಿದೆಯೋ ಅವರೆಲ್ಲರಿಗೂ ಪತ್ರ ಬರೆದು ಅದನ್ನು ಹಿಂದಕ್ಕೆ ಕೇಳುವ ಕೆಲಸ.